ಕಿವಿ ಕಾಯುವ ಕೆಲಸ

ಆ ಗಾಯಕಿ ವೇದಿಕೆಯ ಮೇಲೆ ಹಾಡುವಾಗ ಅವಳ ಕಿವಿಗೆ ಏನು ಬೀಳಬೇಕು, ಎಷ್ಟು ಬೀಳಬೇಕು ಎಂದು ನೋಡಿಕೊಳ್ಳುವ ಕೆಲಸ ಹತ್ತೊಂಬತ್ತು ವರ್ಷಗಳಿಂದ ಅವಳ ಸೋದರಮಾವನದಾಗಿತ್ತು. ಸಭಾಂಗಣದ ಸಾವಿರಾರು ಜನರಿಗೆ ಕೇಳಿಸುವ ಸದ್ದಿನ ಉಸ್ತುವಾರಿ ಬೇರೆಯವರದು. ಅವರು ಜನರ ನಡುವೆಯೇ ಕೂರುತ್ತಾರೆ. ಆದರೆ ಡ್ರಮ್ಮು, ಗಿಟಾರು, ಕೀಬೋರ್ಡು ಎಲ್ಲ ಒಟ್ಟಿಗೆ ಮೊರೆಯುವ ವೇದಿಕೆಯ ಮೇಲೆ ನಿಂತವಳಿಗೆ ತನ್ನ ದನಿ ತನಗೇ ಕೇಳಿಸುವುದಿಲ್ಲ. ಅದಕ್ಕಾಗಿ ಅವಳ ಎರಡೂ ಕಿವಿಯೊಳಗೆ ಕಡಲೆಕಾಳಿನಷ್ಟು ಪುಟ್ಟ ಸ್ಪೀಕರುಗಳು. ಅವುಗಳಲ್ಲಿ ಅವಳ ದನಿ ಇಷ್ಟು, ಡ್ರಮ್ಮು ಇಷ್ಟು ಎಂದು ಹದ ಹಾಕುತ್ತ, ವೇದಿಕೆಯ ಎಡಬದಿಯ ಕಪ್ಪು ಪರದೆಯ ಮರೆಯಲ್ಲಿ, ಸಾಲು ಸಾಲು ಗುಂಡಿಗಳ ಮಿಕ್ಸರ್ ಮುಂದೆ ಮಾವ ಕೂತಿರುತ್ತಿದ್ದ. ಹದ ಕೆಟ್ಟರೆ ಅವಳ ಶ್ರುತಿ ಕೆಡುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೆಟ್ಟಿರಲಿಲ್ಲ.

ಹಾಡುವಾಗ ಅವಳು ಬಾಯಿಬಿಟ್ಟು ಅವನಿಗೇನೂ ಹೇಳುವಂತಿಲ್ಲವಲ್ಲ, ಎಲ್ಲವೂ ಸನ್ನೆಯಲ್ಲೇ. ತೋರುಬೆರಳು ಮೇಲೆತ್ತಿದರೆ ನನ್ನ ದನಿ ಹೆಚ್ಚಿಸು ಎಂದು. ಅಂಗೈ ಎದೆಯ ಮೇಲಿಟ್ಟರೆ ಡ್ರಮ್ ತಗ್ಗಿಸು ಎಂದು. ಹುಬ್ಬು ಕೆರೆದುಕೊಂಡರೆ ನೀರು ಬೇಕು ಎಂದು. ನೋಡುವವರು ಅದೆಲ್ಲ ಕುಣಿತದ ಭಾಗವೆಂದೇ ತಿಳಿಯುತ್ತಿದ್ದರು.

ಅವನ ಮೂಲ ಕಸುಬು ರೇಡಿಯೋ ರಿಪೇರಿ. ಮಹಡಿ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಂಥ ಒಂದು ಅಂಗಡಿ. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಶಾಲೆ ಬಿಟ್ಟ ಮೇಲೆ ಅಕ್ಕನ ಮಗಳು ಆ ಅಂಗಡಿಯಲ್ಲೇ ಪಾಠ ಬರೆಯುತ್ತ ಕೂರುತ್ತಿದ್ದಳು. ರೇಡಿಯೋ ಸರಿಯಾಯಿತೇ ಎಂದು ನೋಡಲು ಅವನು ಹಾಡು ಹಾಕುತ್ತಿದ್ದ. ಅರ್ಧದಲ್ಲಿ ರೇಡಿಯೋ ಗೊರಗೊರ ಎಂದು ನಿಂತುಬಿಟ್ಟರೆ ಹುಡುಗಿ ಪುಸ್ತಕದಿಂದ ತಲೆಯೆತ್ತದೆಯೇ ಉಳಿದದ್ದನ್ನು ಹಾಡಿ ಮುಗಿಸುತ್ತಿದ್ದಳು. "ಇವಳಿದ್ರೆ ರೇಡಿಯೋ ಯಾಕ್ರೀ ಬೇಕು?" ಎಂದು ಗಿರಾಕಿಗಳು ನಗುತ್ತಿದ್ದರು. ಹನ್ನೊಂದನೇ ವಯಸ್ಸಿಗೆ ಅವಳ ಕೈಗೆ ಮೊದಲ ಮೈಕು ಕೊಟ್ಟವನೂ ಅವನೇ. ಅವಳು ದೊಡ್ಡವಳಾಗಿ, ಹೆಸರು ಮಾಡಿ, ಊರೂರು ಅಲೆಯತೊಡಗಿದಾಗ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟ. ತಂಡದವರೆಲ್ಲ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. ಆ ಮಾತಿನ ಅರ್ಥ ಗೊತ್ತಿಲ್ಲದ ಪರದೇಶದ ಕೆಲಸಗಾರರೂ ಹಾಗೆಯೇ ಕರೆಯುತ್ತಿದ್ದರು.

ಐದು ವರ್ಷದ ಹಿಂದೆ ಅಕ್ಕ ತೀರಿಕೊಂಡಳು. ಆಮೇಲೆ ನಾಲ್ಕು ವರ್ಷ ಗಾಯಕಿ ಹಾಡಲಿಲ್ಲ. ಬಾಗಿಲು ಹಾಕಿಕೊಂಡು ಕೂತವಳನ್ನು ಮಾತಾಡಿಸಲು ಹೋಗಿ ಬಂದು ಎಲ್ಲರೂ ಸೋತರು. ಐದನೇ ವರ್ಷ ಹನ್ನೊಂದು ಹಾಡುಗಳ ಹೊಸ ಆಲ್ಬಮ್ ಒಂದನ್ನು ಹಿಡಿದುಕೊಂಡು ಹೊರಬಂದಳು. ಅದರ ಕೊನೆಯ ಹಾಡು ಅವಳ ಅಮ್ಮನದು. ಅದರಲ್ಲಿ ಡ್ರಮ್ಮಿಲ್ಲ, ಗಿಟಾರಿಲ್ಲ. ರಾತ್ರಿಪಾಳಿ ಮುಗಿಸಿ ಬಂದ ತಾಯಿ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ಒಳಗೆ ಬರುವ ಹಾಡು ಅದು, ಪಿಸುಮಾತಿನಂತೆ ಹಾಡಬೇಕು. ರೆಕಾರ್ಡಿಂಗಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಮಾವ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ.

ಆಲ್ಬಮ್ ಗೆದ್ದಿತು. ಹದಿನಾಲ್ಕು ದೇಶ, ಮೂವತ್ತೊಂದು ಕಾರ್ಯಕ್ರಮ ಎಂದು ಪ್ರವಾಸ ಗೊತ್ತಾಯಿತು.

ಪ್ರವಾಸದ ಯಜಮಾನಿಕೆಯೆಲ್ಲ ಮ್ಯಾನೇಜರಮ್ಮನದು. ಐದು ನಿಮಿಷ ತಡವಾದರೆ ಹತ್ತು ನಿಮಿಷ ಬೈಯುತ್ತಿದ್ದುದರಿಂದ ಆಕೆಗೆ ಎಲ್ಲರೂ ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು. ವೈರಿಲ್ಲದ ಮೈಕು, ಕಿವಿಯ ಸ್ಪೀಕರುಗಳ ಸಿಗ್ನಲ್ ನೋಡಿಕೊಳ್ಳುತ್ತಿದ್ದವನು ಆರಡಿ ಎರಡಂಗುಲದ ಒಣಕಲು ಆಳು. ಅವನಿಗೆ ಆಂಟೆನಾ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತ್ತು. ಹತ್ತು ವರ್ಷದಿಂದ ಮಾವನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವನು ಅವನೇ. ಮಾವನಿಗೆ ಬೆನ್ನು ನೋವೆಂದರೆ ಭಾರದ ಪೆಟ್ಟಿಗೆಗಳನ್ನು ತಾನೇ ಎತ್ತುತ್ತಿದ್ದ.

ಮಾವನಿಗೆ ಐವತ್ತೊಂಬತ್ತು ನಡೆಯುತ್ತಿತ್ತು. ಕಿವಿ ಕೈಕೊಡಲು ಶುರುವಾಗಿ ಎರಡು ವರ್ಷವಾಗಿತ್ತು. ಮೊದಲು ಹೋದದ್ದು ಬೆಳಗಿನ ಹಕ್ಕಿಗಳು. ಈ ಸಲ ಹಕ್ಕಿಗಳೇ ಕಮ್ಮಿ ಎಂದುಕೊಂಡ. ಆಮೇಲೆ ಬಾಗಿಲ ಗಂಟೆ. "ಅಲ್ರೀ, ನಾನು ಹೊರಗೆ ನಿಂತು ಗಂಟೆ ಒತ್ತಿ ಒತ್ತಿ ಬೆರಳು ನೋವು ಬಂತು, ನೀವು ಒಳಗೆ ಪೇಪರ್ ಓದ್ತಾ ಕೂತಿದೀರಲ್ಲ!" ಎಂದು ಹೆಂಡತಿ ರೇಗಿದಾಗ ಗಂಟೆ ಕೆಟ್ಟಿದೆ ಎಂದು ಬಿಚ್ಚಿ ರಿಪೇರಿಗೂ ಕೂತ. ಅದು ಕೆಟ್ಟಿರಲಿಲ್ಲ. ಸ್ಕ್ರೂ ಮತ್ತೆ ಹಾಕುವಾಗಲೇ ಅವನಿಗೆ ಅರ್ಥವಾಗಿತ್ತು. ಆದರೂ ಹೆಂಡತಿಯ ಮುಂದೆ, "ಒಳಗೆ ಧೂಳು ಕೂತಿತ್ತು, ಈಗ ಸರಿಹೋಯ್ತು" ಎಂದ.

ಕೆಲಸದಲ್ಲಿ ಮಾತ್ರ ಯಾರಿಗೂ ಸುಳಿವು ಸಿಗಲಿಲ್ಲ. ಕಿವಿಗೆ ಸಿಗದ್ದನ್ನು ಅವನು ಕಣ್ಣಿನಿಂದ ಹಿಡಿಯತೊಡಗಿದ. ಮಿಕ್ಸರಿನ ಮೇಲೆ ಸದ್ದಿಗೆ ತಕ್ಕಂತೆ ಏರಿಳಿಯುವ ದೀಪಗಳಿರುತ್ತವೆ. ಅವನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಎದುರಿನವರ ತುಟಿ ನೋಡಿ ಮಾತು ಊಹಿಸುತ್ತಿದ್ದ. ಗುಂಪಿನಲ್ಲಿ ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದ. ಪ್ರವಾಸ ಹೊರಟ ಮೇಲೆ ಹೆಂಡತಿಗೆ ಫೋನ್ ಮಾಡುವುದನ್ನೂ ಬಿಟ್ಟು ಬರೀ ಮೆಸೇಜು ಕಳಿಸುತ್ತಿದ್ದ. "ನಿಮ್ಮ ಧ್ವನಿ ಕೇಳಿ ಹದಿನೈದು ದಿನ ಆಯ್ತು" ಎಂದು ಅವಳು ಬರೆದರೆ "ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ" ಎಂದು ಬರೆಯುತ್ತಿದ್ದ.

ಒಂಬತ್ತನೇ ಊರಿನಲ್ಲಿ ಒಂದು ದಿನ ಬಿಡುವಿತ್ತು. ಬೆಳಿಗ್ಗೆ ಯಾರಿಗೂ ಹೇಳದೆ ಹೋಟೆಲಿನಿಂದ ಮೂರು ಬೀದಿಯಾಚೆಯ ಕಿವಿ ಡಾಕ್ಟರ ಬಳಿ ಹೋದ. ನರ್ಸ್ ಅವನನ್ನು ಒಬ್ಬರೇ ಕೂರುವಷ್ಟಗಲದ ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಮೊದಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದ. ಆಮೇಲೆ ಏನೂ ಬರಲಿಲ್ಲ. ಮೈಯೆಲ್ಲ ಕಿವಿಯಾಗಿ ಕಾದ. ಯಂತ್ರ ಕೆಟ್ಟಿರಬೇಕು ಎಂದುಕೊಂಡ, ರಿಪೇರಿಯವನ ಬುದ್ಧಿ. ಗಾಜಿನಾಚೆ ಡಾಕ್ಟರು ತಲೆತಗ್ಗಿಸಿ ಬರೆಯುತ್ತಲೇ ಇದ್ದರು. ಕೊನೆಗೆ ಬಾಗಿಲು ತೆರೆದಾಗ, ಇಬ್ಬರಿಗೂ ಅರೆಬರೆ ಬರುವ ಭಾಷೆಯಲ್ಲಿ ಕೇಳಿದ: "ಉಳಿದದ್ದು ಯಾವಾಗ ಹಾಕ್ತೀರಿ?"

"ಎಲ್ಲಾ ಹಾಕಿ ಮುಗೀತು" ಎಂದರು ಡಾಕ್ಟರು.

ಅವರು ಕೊಟ್ಟ ಕಾಗದದಲ್ಲಿ ಒಂದು ಗೆರೆ ಎಡದಿಂದ ಸ್ವಲ್ಪ ದೂರ ನೆಟ್ಟಗೆ ಬಂದು, ಆಮೇಲೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ತೆಳು ಸದ್ದು, ಸೀಟಿ, ಗೆಜ್ಜೆ ಇಂಥವು ಯಾವುವೂ ಇನ್ನು ಕೇಳಿಸುವುದಿಲ್ಲ. ದೊಡ್ಡ ಸದ್ದಿನ ಕೆಲಸ ಇವತ್ತೇ ಬಿಟ್ಟರೆ ಉಳಿದದ್ದಾದರೂ ಉಳಿದೀತು. "ಏನು ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಕೇಳಿದಾಗ ಮಾವ, "ಅಂಗಡಿ ಇದೆ" ಎಂದ.

ಕಾಗದ ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡ. ಇನ್ನು ಇಪ್ಪತ್ತೆರಡು ಕಾರ್ಯಕ್ರಮ. ಇದೊಂದು ಪ್ರವಾಸ ಮುಗಿಯಲಿ, ಅಕ್ಕನ ಹಾಡು ಊರೂರಲ್ಲಿ ಹಾಡಿಸಿ ಮುಗಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡ. ನಾಲ್ಕು ವರ್ಷ ಬಾಗಿಲು ಹಾಕಿಕೊಂಡಿದ್ದ ಹುಡುಗಿ ಈಗಷ್ಟೇ ತೆರೆದಿದ್ದಾಳೆ. ನಡುದಾರಿಯಲ್ಲಿ ಕೈಬಿಟ್ಟರೆ ಮತ್ತೆ ಹಾಕಿಕೊಂಡಾಳು ಎಂಬುದು ಅವನ ಹೆದರಿಕೆ. ಅದು ಸುಳ್ಳೇನೂ ಅಲ್ಲ. ಆದರೆ ಪರದೆಯ ಹಿಂದಿನ ಆ ಕುರ್ಚಿ ಬಿಟ್ಟರೆ ತಾನು ಯಾರು ಎಂಬ ಹೆದರಿಕೆಯೂ ಅದರ ಮಗ್ಗುಲಲ್ಲೇ ಇತ್ತು. ಅದರತ್ತ ಅವನು ನೋಡಲು ಹೋಗಲಿಲ್ಲ.

ಹನ್ನೆರಡನೇ ಊರಿನಲ್ಲಿ, ಮಧ್ಯಾಹ್ನ, ಖಾಲಿ ಸಭಾಂಗಣದಲ್ಲಿ ಸದ್ದಿನ ತಪಾಸಣೆ ನಡೆಯುತ್ತಿತ್ತು. ಅಮ್ಮನ ಹಾಡಿಗೆ ಗಾಯಕಿ ಕಿವಿಯ ಸ್ಪೀಕರುಗಳನ್ನು ತೆಗೆದುಬಿಡುತ್ತಿದ್ದಳು. ಜನರ ಉಸಿರು ಕೇಳುವಂತೆ ಹಾಡಬೇಕು ಎಂಬುದು ಅವಳ ಹಟ. ವೇದಿಕೆಯ ಅಂಚಿನಲ್ಲಿ ನೆಲಕ್ಕಿಟ್ಟ ಒಂದು ಓರೆ ಸ್ಪೀಕರಿನ ಪಕ್ಕ ಕಾಲು ಇಳಿಬಿಟ್ಟು ಕೂತು, ಅದರಲ್ಲಿ ತನ್ನ ದನಿ ಕೇಳಿಕೊಂಡು ಹಾಡುತ್ತಿದ್ದಳು. ಅದರಲ್ಲೊಂದು ಅಪಾಯವುಂಟು. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಮೈಕಿನದು ಮತ್ತೆ ಸ್ಪೀಕರಿಗೆ ಹೊಕ್ಕು, ಕ್ಷಣದಲ್ಲಿ ಸೀಟಿ ಹುಟ್ಟಿಬಿಡುತ್ತದೆ. ಅದು ಕೂದಲೆಳೆಯಷ್ಟಿರುವಾಗಲೇ ಹಿಡಿದು ತಗ್ಗಿಸಬೇಕು. ಅದೇ ಮಾವನ ಕೆಲಸ.

ಅವತ್ತು ಅಂಥದೊಂದು ಎಳೆ ಸೀಟಿ ಎದ್ದಿತು. ಪೊರಕೆ ಹಿಡಿದು ಕುರ್ಚಿಸಾಲು ಗುಡಿಸುತ್ತಿದ್ದ ಹೆಂಗಸೂ ತಲೆಯೆತ್ತಿ ನೋಡಿದಳು. ಗಾಯಕಿ ಮುಖ ಕಿವಿಚಿ ಎಡಕ್ಕೆ ತಿರುಗಿದಳು. ಮಾವ ನಗುತ್ತ ಹೆಬ್ಬೆರಳೆತ್ತಿ ತೋರಿಸಿದ: ಎಲ್ಲ ಸರಿಯಾಗಿದೆ.

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ, "ಸ್ವಲ್ಪ ಕಮ್ಮಿ ಮಾಡ್ತೀಯಾ ಮಾವ? ಇಲ್ಲಿ ಸ್ವಲ್ಪ ಜಾಸ್ತಿ ಆಯ್ತು" ಎಂದಳು, ತುಟಿಗಳನ್ನು ನಿಧಾನವಾಗಿ, ದೊಡ್ಡದಾಗಿ ಆಡಿಸುತ್ತ. ಅವನು ತಗ್ಗಿಸಿದ. ಅವಳು ಮುಖ ತಿರುಗಿಸಿಕೊಂಡು ಹಾಡು ಮುಂದುವರಿಸಿದಳು. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಲ್ಲಿಂದ ಮುಂದೆ ಅವಳ ಸನ್ನೆಗಳು ಹೆಚ್ಚಾದವು, ದೊಡ್ಡವಾದವು; ಅದನ್ನೂ ಅವನು ಹುರುಪು ಎಂದುಕೊಂಡ.

ಹದಿನೇಳನೇ ಊರಿನಲ್ಲಿ ಅದು ನಡೆಯಿತು. ತುಂಬಿದ ಸಭಾಂಗಣ. ಹತ್ತು ಹಾಡು ಮುಗಿದು ದೀಪಗಳು ಒಂದೊಂದಾಗಿ ಆರಿ, ಒಂದೇ ಒಂದು ಬೆಳಕು ವೇದಿಕೆಯ ಅಂಚಿನಲ್ಲಿ ಕೂತವಳ ಮೇಲೆ ಉಳಿಯಿತು. ಅಮ್ಮನ ಹಾಡು ಶುರುವಾಯಿತು. ಮೊದಲ ಸಾಲಿನಲ್ಲೇ ಯಾರೋ ಬಿಕ್ಕಿದರು. ಎರಡನೇ ಚರಣದಲ್ಲಿ ಅವಳ ದನಿ ಇನ್ನೂ ಇಳಿಯಿತು, ಅವಳ ತೋರುಬೆರಳು ಮೇಲೆದ್ದಿತು. ಮಾವ ಗುಂಡಿಯನ್ನು ಚೂರು ಮೇಲೆ ತಳ್ಳಿದ. ಮೈಕು ಹಿಡಿದ ಕೈಯನ್ನು ಅವಳು ಮಂಡಿಯ ಮೇಲೆ ಊರಿ, ಕಣ್ಣುಮುಚ್ಚಿ, ಸ್ಪೀಕರಿನತ್ತ ಬಾಗಿದಳು.

ಮಾವನ ಕಣ್ಣಿಗೆ ಮೊದಲು ಕಂಡದ್ದು ಮುಂದಿನ ಸಾಲಿನ ಜನರ ಕೈಗಳು. ಅವೆಲ್ಲ ಒಟ್ಟಿಗೆ ಮೇಲೆದ್ದವು. ಚಪ್ಪಾಳೆಗೆ ಎಂದುಕೊಂಡ, ಈ ಹಾಡಿನ ನಡುವೆ ಯಾರೂ ಚಪ್ಪಾಳೆ ತಟ್ಟುವುದಿಲ್ಲವಲ್ಲ ಎಂದೂ ಅನ್ನಿಸಿತು. ಆ ಕೈಗಳು ಕಿವಿಗಳನ್ನು ಮುಚ್ಚಿದವು. ಹಿಂದಿನ ಸಾಲು, ಅದರ ಹಿಂದಿನ ಸಾಲು, ಕತ್ತಲೊಳಗಿನವರೆಗೂ ಜನ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸುತ್ತಿದ್ದರು. ಅವನ ಹೆಡ್‌ಫೋನಿನೊಳಗೆ ಅಕ್ಕನ ಹಾಡು ತಣ್ಣಗೆ ನಡೆದಿತ್ತು. ಮಿಕ್ಸರಿನ ಮೇಲೆ, ಸದ್ದು ಮಿತಿ ಮೀರಿದರೆ ಹೊತ್ತುವ ಕೆಂಪು ದೀಪ ಉರಿಯುತ್ತಿತ್ತು. ಪಕ್ಕದಿಂದ ಆಂಟೆನಾ ಅವನ ಮೈಮೇಲೆ ಬಿದ್ದಂತೆ ಬಾಗಿ ಗುಂಡಿಯನ್ನು ಕೆಳಗೆಳೆದ. ಅಷ್ಟರಲ್ಲಿ ಗಾಯಕಿ ಎಡಗಿವಿಯನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು ವೇದಿಕೆಯ ಮೇಲೆ ಮುದುರಿಕೊಂಡಿದ್ದಳು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದಿಷ್ಟು: ಎಡಗಿವಿಗೆ ಪೆಟ್ಟಾಗಿದೆ. ವಾಪಸು ಬರಬಹುದು, ಅರ್ಧ ಬರಬಹುದು, ಬರದೆಯೂ ಇರಬಹುದು. ಎರಡು ವಾರ ಯಾವ ಸದ್ದೂ ಬೇಡ. ಗಡಿಯಾರ ನಾಲ್ಕು ಕಾರ್ಯಕ್ರಮ ರದ್ದು ಮಾಡಿದಳು. ಪೇಪರಿನವರಿಗೆ ಉತ್ತರ ಹೇಳಬೇಕಿತ್ತು, ಅದಕ್ಕೆ ಕಾರಣ ಬೇಕಿತ್ತು. ಯಾರದು ತಪ್ಪು ಎಂದು ಕೇಳಿದಾಗ ಹಾಸಿಗೆಯ ಮೇಲಿಂದ ಗಾಯಕಿಯೇ, "ವೈರ್‌ಲೆಸ್ಸಿಂದ ಇರಬೇಕು" ಎಂದಳಂತೆ. ಸರಿ, ಆಂಟೆನಾ ನಾಡಿದ್ದು ಮಧ್ಯಾಹ್ನದ ವಿಮಾನಕ್ಕೆ ಮನೆಗೆ ಹೋಗಲಿ ಎಂದು ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಆಂಟೆನಾ ಬಂದು ಮಾವನ ಎದುರು ಕೂತ. ಮುಖ ಬಾಡಿಹೋಗಿತ್ತು.

"ಮಾವ, ನಾನು ಸಿಗ್ನಲ್ಲು ಮೂರು ಸಲ ಚೆಕ್ ಮಾಡಿದ್ದೆ. ನೀವೂ ನೋಡಿದ್ರಿ ತಾನೇ? ಅದು ನನ್ನ ಕಡೆಯಿಂದ ಬಂದಿದ್ದಲ್ಲ. ನೀವೊಂದು ಮಾತು ಹೇಳಿದ್ರೆ ಮ್ಯಾನೇಜರ್ ಮೇಡಮ್ ಕೇಳ್ತಾರೆ."

ಮಾವ ಅವನ ತುಟಿಗಳನ್ನು ನೋಡುತ್ತಿದ್ದ. ಪ್ರತಿ ಮಾತೂ ಅರ್ಥವಾಯಿತು. "ಹೂಂ... ನೋಡೋಣ" ಎಂದ. ಆಂಟೆನಾ ಅಷ್ಟಕ್ಕೇ ನಂಬಿ, ಅವನ ತಟ್ಟೆಗೆ ಇನ್ನೊಂದು ಬ್ರೆಡ್ ಹಾಕಿ ಎದ್ದುಹೋದ. ಆ ಬ್ರೆಡ್ಡನ್ನು ಮಾವ ಬಹಳ ಹೊತ್ತು ನೋಡುತ್ತ ಕೂತ. ಇಡೀ ದಿನ ಹಾಗೆಯೇ ಕಳೆಯಿತು. ಕೋಣೆಯಲ್ಲಿ ಕೂತ, ಎದ್ದ, ಮುಖ ತೊಳೆದ, ಮತ್ತೆ ಕೂತ. ಮ್ಯಾನೇಜರಮ್ಮನ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸು ಬಂದ.

ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದ. ಗಾಯಕಿ ಹಾಸಿಗೆಯಲ್ಲಿ ಒರಗಿ ಕೂತಿದ್ದಳು. ಎಡಗಿವಿಗೆ ಹತ್ತಿ. ಅವನು ಬಲಗಡೆಗೆ ಹೋಗಿ ಕೂತು, ಪಾಸ್‌ಪೋರ್ಟಿನಿಂದ ಕಾಗದ ತೆಗೆದು ಅವಳ ಮಡಿಲಲ್ಲಿಟ್ಟ.

ಅವಳು ಅದನ್ನು ಬಿಡಿಸಿ, ಬಾವಿಗೆ ಬಿದ್ದ ಆ ಗೆರೆಯ ಮೇಲೆ ಬೆರಳಾಡಿಸಿದಳು. ತಾರೀಖು ಓದಿದಳು.

"ಒಂಬತ್ತನೇ ಊರು" ಎಂದಳು.

"ಅಲ್ಲೇ ಹೇಳ್ಬೇಕಿತ್ತು ಮರಿ. ಹೇಳ್ಲಿಲ್ಲ. ಅದು ವೈರ್‌ಲೆಸ್ಸಲ್ಲ. ನಾನು. ಸೀಟಿ ನನಗೆ ಕೇಳಿಸ್ಲೇ ಇಲ್ಲ. ಈಗಲೂ, ಅವತ್ತು ಹೇಗಿತ್ತು ಅಂತ ಬೇರೆಯವರು ಹೇಳಿದ್ದಷ್ಟೇ ನಂಗೊತ್ತು."

"ನಂಗೊತ್ತಿತ್ತು ಮಾವ."

ಅವನು ಸರಿಯಾಗಿ ಓದಿದೆನೋ ಇಲ್ಲವೋ ಎಂದು ಅವಳ ತುಟಿಯನ್ನೇ ನೋಡಿದ. ಅವಳು ಮತ್ತೊಮ್ಮೆ ನಿಧಾನವಾಗಿ ಹೇಳಿದಳು.

"ಹನ್ನೆರಡನೇ ಊರಲ್ಲೇ ಗೊತ್ತಾಯ್ತು. ಸೀಟಿ ಹೊಡೀತಿತ್ತು, ನೀನು ನಗ್ತಾ ಹೆಬ್ಬೆರಳು ತೋರಿಸ್ತಿದ್ದೆ."

"ಗೊತ್ತಿದ್ದೂ ಸುಮ್ನಿದ್ಯಾ? ಗೊತ್ತಿದ್ದೂ ದಿನಾ ಬಂದು ಆ ಸ್ಪೀಕರ್ ಪಕ್ಕ ಕಿವಿ ಇಟ್ಕೊಂಡು ಕೂತ್ಯಾ?"

"ನೀನೇ ಹೇಳ್ತೀಯ ಅಂತ ಕಾದೆ. ನಾನಾಗೇ ಕೇಳಿದ್ರೆ ನೀನು ಎದ್ದು ಹೊರಟುಬಿಡ್ತೀಯ ಅಂತ ಭಯ. ಅಮ್ಮ ಹೋದಳು. ನೀನೂ ಆ ಪರದೆ ಹಿಂದೆ ಇಲ್ದಿದ್ರೆ ನಾನು ಯಾರ ಕಡೆ ತಿರುಗಿ ನೋಡ್ಲಿ?" ಅವಳು ಕಾಗದವನ್ನು ಮಡಚಿ ಅವನ ಕೈಗಿತ್ತಳು. "ದೊಡ್ಡ ದೊಡ್ಡ ಸನ್ನೆ ಮಾಡಿದ್ರೆ ನಿಭಾಯಿಸ್ಕೊಂಡು ಹೋಗ್ಬಹುದು ಅಂದ್ಕೊಂಡೆ."

"ಮತ್ತೆ ಆ ಹುಡುಗನ ಮೇಲೆ ಯಾಕೆ ಹಾಕ್ದೆ? ಅವನೇನು ಮಾಡಿದ್ದ?"

ಅವಳು ಹೊದಿಕೆಯ ಅಂಚನ್ನು ಸುತ್ತುತ್ತ, ಬಿಡಿಸುತ್ತ ಕೂತಳು. "ಬಾಯಿಗೆ ಅದೇ ಬಂತು" ಎಂದಳು. ಮಾವ ಬೈಯಲಿಲ್ಲ. ತಾನೂ ಬ್ರೆಡ್ ತಟ್ಟೆಯ ಮುಂದೆ ಕೂತು ಮಾಡಿದ್ದು ಅದನ್ನೇ. ಅವಳ ತಲೆ ಸವರಿ ಎದ್ದ.

"ಮಾವ, ಹೇಳಿದ್ರೆ ಕಳಿಸಿಬಿಡ್ತಾರೆ."

"ಕಳಿಸ್ಲೇಬೇಕಮ್ಮ" ಎಂದ.

ಹೋಟೆಲಿನ ಮುಂಗೋಣೆಯಲ್ಲಿ ಎಲ್ಲರೂ ಇದ್ದರು. ಆಂಟೆನಾನ ಪೆಟ್ಟಿಗೆ ಬಾಗಿಲ ಬಳಿ ಬಂದಿತ್ತು. ಗಡಿಯಾರ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ಮಾವ ನಡುವೆ ಬಂದು ನಿಂತು, ತನ್ನ ದನಿ ಎಷ್ಟು ಜೋರಾಗಿದೆ ಎಂದು ತನಗೇ ತಿಳಿಯದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಎಲ್ಲವನ್ನೂ ಹೇಳಿದ. ಎರಡು ವರ್ಷದ್ದು, ಡಾಕ್ಟರದ್ದು, ಕೆಂಪು ದೀಪದ್ದು. ಗಾಯಕಿಗೆ ಮೊದಲೇ ಗೊತ್ತಿತ್ತೆಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ಕೀಬೋರ್ಡಿನವನು ನೆಲ ನೋಡುತ್ತ ನಿಂತ. ಬಾಯಿಬಿಟ್ಟರೆ ಬೈಯುವ ಗಡಿಯಾರ ಒಂದು ಕುರ್ಚಿ ಎಳೆದು ತಂದು, "ಕೂತ್ಕೊಳ್ಳಿ ಮಾವ" ಎಂದಳು.

ಅವನು ಕೂರಲಿಲ್ಲ. ಆಂಟೆನಾನ ಹತ್ತಿರ ಹೋದ. "ತಪ್ಪಾಯ್ತಪ್ಪ" ಎಂದ.

ಆಂಟೆನಾ ಎತ್ತರದಿಂದ ಅವನನ್ನು ನೋಡಿದ. "ಕಿವಿ ಹೋಗಿದ್ದು ತಪ್ಪಲ್ಲ ಬಿಡಿ. ಯಾರಿಗಾದ್ರೂ ಹೋಗತ್ತೆ. ನಿನ್ನೆ ಬೆಳಿಗ್ಗೆ ನನ್ನ ಮುಖ ನೋಡ್ಕೊಂಡು 'ನೋಡೋಣ' ಅಂದ್ರಲ್ಲ, ಅದು. ನಾನು ನನ್ನ ಹೆಂಡತಿಗೆ ಫೋನ್ ಮಾಡಿ, ಮಾವ ಇದ್ದಾರೆ, ಏನೂ ಆಗಲ್ಲ ಅಂದಿದ್ದೆ."

ಮಾವ ಬಾಗಿಲ ಬಳಿಯಿದ್ದ ಅವನ ಪೆಟ್ಟಿಗೆಯನ್ನು ತಾನೇ ಎತ್ತಿ ಒಳಗೆ ತಂದಿಟ್ಟ.

ಉಳಿದ ಕಾರ್ಯಕ್ರಮಗಳಿಗೆ ಮಿಕ್ಸರಿನ ಮುಂದೆ ಯಾರು ಕೂರಬೇಕು ಎಂದು ಗಡಿಯಾರ ಕೇಳಿದಾಗ ಮಾವ ಆಂಟೆನಾನ ಕಡೆ ತೋರಿಸಿದ. ಬೇರೆ ಯಾರಿಗೂ ಗಾಯಕಿಯ ದನಿ ಅಷ್ಟು ಗೊತ್ತಿರಲಿಲ್ಲ. ಹೊರಡುವ ಮೊದಲು ಒಂದು ಇಡೀ ಮಧ್ಯಾಹ್ನ ಮಾವ ಅವನಿಗೆ ಎಲ್ಲವನ್ನೂ ಹೇಳಿಕೊಟ್ಟ. ಬೆರಳು ಎತ್ತಿದರೆ ಏನು, ಅಂಗೈ ಎದೆಗಿಟ್ಟರೆ ಏನು. ಮೂರನೇ ಹಾಡಿನಲ್ಲಿ ಅವಳು ಉಸಿರು ಸಾಲದೆ ತೊದಲುವ ಜಾಗ ಎಲ್ಲಿ. ಅಮ್ಮನ ಹಾಡಿಗೆ ಮುಂಚೆ ಅವಳು ನಿನ್ನತ್ತ ನೋಡುತ್ತಾಳೆ, ಆಗ ನೀನು ತಲೆಯಾಡಿಸಬೇಕು, ಇಲ್ಲದಿದ್ದರೆ ಶುರುಮಾಡಳು. ಆಂಟೆನಾ ಗಮನವಿಟ್ಟು ಕೇಳಿದ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅನುಮಾನ ಬಂದಲ್ಲಿ ಕೇಳಿದ. ಕೇಳುವಾಗಲೆಲ್ಲ "ಸರ್" ಎಂದ.

ಹತ್ತು ವರ್ಷದಲ್ಲಿ ಅವನು ಹಾಗೆಂದು ಕರೆದದ್ದು ಅದೇ ಮೊದಲು. ಮಾವನಿಗೆ ಆ ಮಾತು ಕೇಳಿಸಲಿಲ್ಲ, ತುಟಿಯ ಮೇಲೆ ಕಂಡಿತು. ನಾಲ್ಕನೇ ಸಲ ಕಂಡಾಗ ಎದ್ದು ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನಿಂತ. ಬಂದು ಮತ್ತೆ ಪಾಠ ಮುಂದುವರಿಸಿದ.

ಹೊರಡುವ ದಿನ ಗಾಯಕಿ ಆಸ್ಪತ್ರೆಯ ಬಾಗಿಲವರೆಗೆ ಬಂದಳು. "ಊಟ ಸರಿಯಾಗಿ ಮಾಡು" ಎಂದ. "ಅತ್ತೆಗೆ ಹೇಳು" ಎಂದಳು; ಏನು ಹೇಳಬೇಕೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮನೆಯ ಬಾಗಿಲು ತೆರೆದ ಹೆಂಡತಿ ಅವನನ್ನು ಕಂಡು ಗಾಬರಿಯಾಗಲಿಲ್ಲ. ಒಳಗೆ ಕೂರಿಸಿ ನೀರು ಕೊಟ್ಟು, ಅವನು ಶುರುಮಾಡುವ ಮೊದಲೇ, ತನ್ನ ಕಿವಿಯನ್ನು ಮುಟ್ಟಿ ತೋರಿಸಿ ತಲೆಯಾಡಿಸಿದಳು. ಧೂಳು ಕೂತಿಲ್ಲದ ಗಂಟೆಯನ್ನು ಅವನು ಬಿಚ್ಚಿದ್ದ ದಿನವೇ ಅವಳಿಗೂ ತಿಳಿದಿತ್ತು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಂಡತಿ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಹತ್ತಿರದವರಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಅವನಿಗೆ ನೋವಾಗಬಾರದೆಂದು ಸುಮ್ಮನಿದ್ದರು.

ಪ್ರವಾಸ ಎರಡು ವಾರದ ಮೇಲೆ ಮತ್ತೆ ನಡೆಯಿತು, ಮುಗಿಯಿತು. ಪೇಪರುಗಳು ಹೊಗಳಿ ಬರೆದವು. ಅಮ್ಮನ ಹಾಡನ್ನು ಮಾತ್ರ ಗಾಯಕಿ ಆಮೇಲೆ ಯಾವ ಊರಿನಲ್ಲೂ ಹಾಡಲಿಲ್ಲ. ಹತ್ತೇ ಹಾಡಿಗೆ ಮುಗಿಸಿ ಒಳಗೆ ಹೋಗುತ್ತಿದ್ದಳಂತೆ. ಜನ ಕೂಗಿ ಕೇಳಿದರೂ ಇಲ್ಲ. ಇದನ್ನು ಗಡಿಯಾರ ಮೆಸೇಜಿನಲ್ಲಿ ಬರೆದು ತಿಳಿಸಿದಳು. ಆಂಟೆನಾ ಏನನ್ನೂ ಬರೆಯಲಿಲ್ಲ. ಮಾವ ಅವನಿಗೆ ಎರಡು ಸಲ ಬರೆದ. ಎರಡನೆಯದಕ್ಕೆ "ಎಲ್ಲ ಚೆನ್ನಾಗಿ ನಡೀತಿದೆ ಸರ್" ಎಂದು ಉತ್ತರ ಬಂತು.

ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಗಾಯಕಿ ಮಾವನ ಮನೆಗೆ ಬಂದಳು. ಬಂದವಳೇ ಎಂದಿನಂತೆ ಅವನ ಎಡಪಕ್ಕ ಕೂರಲು ಹೋದಳು. ಈ ಮೂರು ತಿಂಗಳಲ್ಲಿ ಅವನ ಎಡಗಿವಿ ಪೂರ್ತಿ ಮಂದವಾಗಿ, ಬಲಗಿವಿಯಲ್ಲಿ ಕಾಲುಭಾಗ ಉಳಿದಿತ್ತು. ಎದ್ದು ಬಲಪಕ್ಕಕ್ಕೆ ಬಂದಳು; ಆಗ ಅವಳ ಕೆಟ್ಟ ಕಿವಿ ಅವನ ಕಡೆಗಾಯಿತು. ಕುರ್ಚಿಗಳನ್ನು ಅತ್ತ ಇತ್ತ ತಿರುಗಿಸಿ ಕೊನೆಗೆ ಎದುರುಬದುರು ಹಾಕಿಕೊಂಡು ಮಂಡಿಗೆ ಮಂಡಿ ತಾಗುವಂತೆ ಕೂತರು. ಒಳಗಿನಿಂದ ನೋಡುತ್ತಿದ್ದ ಅತ್ತೆ, "ಬಸ್ಸಲ್ಲಿ ಕೂತ ಹಾಗೆ ಕೂತಿದೀರಲ್ಲ!" ಎಂದು ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಕಿವಿ ಹೇಗಿದೆ?" ಎಂದ ಮಾವ.

"ಅರ್ಧ ಬಂತು. ಒಳಗೆ ಒಂದು ಸಣ್ಣ ಸದ್ದು ಹಗಲೂ ರಾತ್ರಿ ಇರತ್ತೆ. ಅದು ಹೋಗಲ್ವಂತೆ."

ಅವನು ಅವಳ ಕೈ ಹಿಡಿದುಕೊಂಡ. ಬಿಡಲಿಲ್ಲ.

ಹೊಸದೊಂದು ಮಾಡ್ತಿದೀನಿ, ಇನ್ನೂ ಯಾರಿಗೂ ಕೇಳಿಸಿಲ್ಲ, ಎಂದು ಅವಳು ಹಾಡತೊಡಗಿದಳು. ಮಾವ ಅವಳ ತುಟಿ ನೋಡಿದ, ಗಂಟಲಿನ ನರ ನೋಡಿದ, ಮುಖವನ್ನಿಡೀ ನೋಡಿದ. ಗೋಡೆಯಾಚೆ ಯಾರೋ ಸಾಮಾನು ಸರಿಸುತ್ತಿರುವಂತೆ ಏನೋ ಒಂದು ಬಂದುಬಂದು ಹೋಯಿತು. ಹಾಡು ನಿಂತಿತು. ಅವಳು ಕಾದಳು.

"ಹೇಗಿತ್ತು ಮಾವ?"

ಅವನಿಗೆ ಏನು ಬೇಕಾದರೂ ಹೇಳಬಹುದಿತ್ತು. ಅವಳೂ ನಂಬುತ್ತಿದ್ದಳು, ಅಥವಾ ನಂಬಿದಂತೆ ನಟಿಸುತ್ತಿದ್ದಳು.

"ಕೇಳಿಸ್ಲಿಲ್ಲ ಮರಿ" ಎಂದ.

ಅವಳು ತುಟಿ ಕಚ್ಚಿ ತಲೆಯಾಡಿಸಿದಳು. "ಅಂಥ ಚೆನ್ನಾಗೇನೂ ಇರ್ಲಿಲ್ಲ ಬಿಡು" ಎಂದು ನಗಲು ಹೋದಳು, ನಗು ಬರಲಿಲ್ಲ. ಮುಂದಕ್ಕೆ ಬಾಗಿ ಅವನ ಹೆಗಲ ಮೇಲೆ ಹಣೆಯಿಟ್ಟಳು. ಅತ್ತೆ ಒಳಗಿನಿಂದ ಟೀ ತಂದು, ಇಬ್ಬರ ಮುಂದೆಯೂ ಲೋಟಗಳನ್ನು ಇಟ್ಟು, ಮೂರನೇ ಕುರ್ಚಿ ಎಳೆದುಕೊಂಡು ಕೂತಳು.